ಗೌರಿಯ ಕುಬಸ

ಬುಕ್ಕಸಾಗರ ಇರುವುದು ಹಿಮಾಲಯದ ಬುಡದಲ್ಲಿ! ಭೂಗೋಳದ ಪುಸ್ತಕ ಏನಾದರೂ ಹೇಳಲಿ, ಆ ಊರಿನ ನಮ್ಮ ಸೋದರಮಾವನ ಪ್ರಕಾರ ಅಲ್ಲೇ. ದೀಪಾವಳಿಯ ಮರುದಿನ ತಲೆಗೇರಿದ ಅವನ ಮಂಕಿ ಕ್ಯಾಪು ಇಳಿಯುವುದು, ಶಿವರಾತ್ರಿಗೆ ಚಳಿ 'ಶಿವ ಶಿವ' ಎಂದು ಹೊರಟ ಮೇಲೆಯೇ.

ನಗಬೇಡಿ, ಕಾರಣವಿದೆ. ಹೋದ ಮಾಗಿಯಲ್ಲಿ ಅವನ ಆಕಳು ಕರು ಹಾಕಿದಾಗ, ಗದ್ದೆ ಕಡೆಯ ಥಂಡಿಗಾಳಿಗೆ ಆ ಕರು ಒದ್ದೆ ಮೈಯಲ್ಲೇ ಸೆಟೆದುಹೋಗಿತ್ತು. "ನನಗ ಎಚ್ಚರಾಗಿದ್ರ ಉಳೀತಿತ್ತು" ಎಂದು ವರ್ಷವಿಡೀ ಹೇಳಿಕೊಂಡು ತಿರುಗಿದ.

ಈ ಮಾಗಿಯಲ್ಲಿ ಮಾವನ ಫೋನು ಬಂತು. "ಗುರುವಾರ ಗೌರೀದು ಕುಬಸ ಐತವ್ವಾ, ಜಲ್ದಿ ಬಂದ್ಬಿಡು!"

ಕುಬಸವೆಂದರೆ ರವಿಕೆ. ಬಸುರಿಗೆ ರವಿಕೆ ಕೊಟ್ಟು ಮಾಡುವ ಸೀಮಂತಕ್ಕೂ ನಮ್ಮ ಕಡೆ ಅದೇ ಹೆಸರು. ಅತ್ತೆಯ ತಂಗಿಯ ಮಗಳು ಗೌರಿ ಬಸುರಿ ಎಂದುಕೊಂಡು, ಹಸಿರು ಬಳೆ, ರವಿಕೆಯ ಖಣ ಹಿಡಿದು ಟಿ.ಬಿ. ಡ್ಯಾಂನಿಂದ ಬಸ್ಸು ಹತ್ತಿದೆ. ಮಾವ ಆಕಳಿಗೂ ಅದೇ ಹೆಸರಿಟ್ಟಿದ್ದಾನೆಂದು ನನಗೇನು ಗೊತ್ತು!

ಕೊಟ್ಟಿಗೆಯಲ್ಲಿ ಊರ ಟೇಲರು ಬೆವರುತ್ತಿದ್ದ. "ಎದಿ ಅಳತಿಗೆ ಎರಡು ಟೇಪು ಬೇಕಾದ್ವು ನೋಡ್ರಿ. ತೋಳು ಇಡ್ಲ್ಯೋ, ಬ್ಯಾಡೋ?"

"ತೋಳು ಬ್ಯಾಡ, ನಡೀಲಿಕ್ಕೆ ತೊಡಕಾಕ್ಕತಿ," ಎಂದ ಮಾವ, ಭಾರೀ ಗಂಭೀರವಾಗಿ.

ಹೊರಗೆ ಗೋಣಿಚೀಲ, ಒಳಗೆ ಕಂಬಳಿ, ನಡುವೆ ಮಾವನಿಗಿದ್ದ ಎರಡೂ ಸ್ವೆಟರು! ನನ್ನ ಬಳೆಗಳು ಎಲ್ಲಿ ಹೋದವೆಂದಿರಾ? ಕೋಡಿಗೆ! ಅತ್ತೆ ಹಣೆ ಬಡಿದುಕೊಂಡಳು. "ಮದಿವ್ಯಾದಾಗಿಂದ ನನಗೊಂದು ಶಾಲು ತಂದಿಲ್ಲ ಈ ಮನಷ್ಯಾ!"

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಗೌರಿ ಕರು ಹಾಕಿತು. ಈ ಸಲ ಮಾವ ಪಕ್ಕದಲ್ಲೇ ಇದ್ದ. ಆದರೂ ಕರು ಏಳಲಿಲ್ಲ, ಗಡಗಡ ನಡುಗುತ್ತಿತ್ತು. ಒಣಹುಲ್ಲಿನಿಂದ ತಿಕ್ಕುತ್ತ ಮಾವ ಸುತ್ತಲೂ ನೋಡಿದ. ತಾಯಿಗೆ ಅಷ್ಟೆಲ್ಲ ಹೊಲಿಸಿದ ಪುಣ್ಯಾತ್ಮ ಕೂಸಿಗೆ ಒಂದು ತುಂಡು ಬಟ್ಟೆ ಹೊಲಿಸಿರಲಿಲ್ಲ! ಮಂಕಿ ಕ್ಯಾಪು ಕಿತ್ತು ಅದರಿಂದಲೇ ಒರೆಸತೊಡಗಿದ.

ಅತ್ತೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಪುಟ್ಟ ಕೌದಿ ತಂದಳು. ಹಳೆಯ ಸೀರೆಗಳನ್ನು ಕೂಡಿಸಿ, ಅತ್ತೆಯ ಕುಬಸದ ವೇಳೆ ಅವಳ ಅವ್ವ ಹೊಲಿದದ್ದು. ಆ ಕೂಸು ಉಳಿಯಲಿಲ್ಲ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

"ಲೇ, ಅದು ಬ್ಯಾಡ..." ಮಾವ ಕೈ ಅಡ್ಡ ಹಿಡಿದ.

"ಇನ್ಯಾರಿಗಂತ ಇಡ್ಲಿ? ಕೂಸಿಗೆ ಹೊಲದಿದ್ದು, ಕೂಸಿಗೇ ಹೊದ್ದಸ್ತೀನಿ. ಆ ಕಡಿ ಹಿಡೀರಿ."

ಇಬ್ಬರೂ ಕೌದಿ ಸುತ್ತಿ ತಿಕ್ಕಿದರು. ನನಗೆ ಅಳು ತಡೆಯಲಾಗಲಿಲ್ಲ. ಬಿಸಿಲು ಕೊಟ್ಟಿಗೆಯೊಳಗೆ ಬರುವಷ್ಟರಲ್ಲಿ ಕರು ಎರಡು ಸಲ ಮುಗ್ಗರಿಸಿ, ಮೂರನೆಯ ಸಲ ನಿಂತು, ಕೆಚ್ಚಲು ಹುಡುಕಿತು.

ಮಾವ ಬರಿದಲೆಯಲ್ಲೇ ಅಂಗಳಕ್ಕೆ ಬಂದು ನೆಂಟರಿಗೆಲ್ಲ ಫೋನು ಹಚ್ಚಿದ. "ನಮ್ಮ ಮನ್ಯಾಗ ಹೆಣ್ಣು ಕೂಸು ಹುಟ್ಟೈತ್ರಿ, ಬರ್ರಿ!"

ಯಾವ ಕೂಸೆಂದು ಅವನು ಹೇಳಲಿಲ್ಲ. ನಾನೂ ತಿದ್ದಲಿಲ್ಲ.