ನಾನು ರಂಗೋಲಿ ಹಾಕದ ದಿನ

ನಮ್ಮ ಮನೆಯಲ್ಲಿ ಅಂದು ಯಾರೂ ಸತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಧ್ಯಾಹ್ನದ ಹೊತ್ತಿಗೆ ನನಗೇ ಅನುಮಾನ ಬಂದಿತ್ತು.

ಮೊಮ್ಮಗಳು ಚಿತ್ರಾ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಾಳೆ. ಈಗ ನಡೆಯುತ್ತಿರುವುದು ಅಪರಾಧದ ಪಾಠ. ಅಪರಾಧವೆಂದರೆ ಕಳ್ಳತನ, ಕೊಲೆ ಎಂದುಕೊಂಡಿದ್ದೆ. ಅಷ್ಟೇ ಅಲ್ಲವಂತೆ. ಎಲ್ಲರೂ ಒಪ್ಪಿ ನಡೆಯುವ ಸಣ್ಣ ರೂಢಿಯನ್ನು ಮುರಿದರೂ ಜನ ತಪ್ಪಿತಸ್ಥರನ್ನು ನೋಡಿದ ಹಾಗೆ ನೋಡುತ್ತಾರಂತೆ. ಅಂಥದ್ದೊಂದನ್ನು ಮುರಿದು, ಯಾರು ಏನೆನ್ನುತ್ತಾರೆ ಎಂದು ಬರೆದು ತರಲು ಟೀಚರ್ ಹೇಳಿದ್ದಾರೆ.

"ನಾಳೆ ಬಾಗಿಲಿಗೆ ಕೋಲಂ ಹಾಕ್ಬೇಡ ಅಜ್ಜಿ. ಯಾರ್ ಕೇಳಿದ್ರೂ ಕಾರಣ ಹೇಳ್ಬೇಡ, ಸರಿಯಾ? ಹೇಳಿದ್ರೆ ಎಕ್ಸ್‌ಪೆರಿಮೆಂಟೇ ವೇಸ್ಟ್," ಎಂದಳು. ಈ ತಮಿಳು ಊರಲ್ಲಿ ಬೆಳೆದವಳಿಗೆ ರಂಗೋಲಿ ಎಂದರೆ ಕೋಲಂ.

ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳಿಂದ ಕಾಲೇಜಿಗೆ ಉಪಕಾರ! ಒಪ್ಪಿಕೊಂಡೆ. ಬೆಳಿಗ್ಗೆ ಅವಳನ್ನು ಕಾಲೇಜಿಗೆ ಕಳಿಸಿ, ಕಾಫಿ ಹಿಡಿದು ಕಿಟಕಿಯ ಹಿಂದೆ ಕೂತೆ.

ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಮನೆಯವರು ಹರ್ನಿಯಾ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾರೆ ಎಂಬುದೂ ಗೊತ್ತಿತ್ತು. ಎರಡನ್ನೂ ಸೇರಿಸಿ ನೋಡುವ ಬುದ್ಧಿ ನನಗಿರಲಿಲ್ಲ. ನಮ್ಮ ಬೀದಿಗೆ ಧಾರಾಳವಾಗಿತ್ತು.

ಹೂವಿನವಳು ಹೊಸಿಲು ನೋಡಿದಳು. ದಿನವೂ ಕೊಡುವ ಮೊಳ ಮಲ್ಲಿಗೆಯನ್ನು ಬುಟ್ಟಿಗೇ ಹಾಕಿಕೊಂಡು ಹೊರಟುಹೋದಳು. ಆಮೇಲೆ ಎದುರುಮನೆ ಕಮಲಾ ಮಾಮಿ ಬಂದು ನನ್ನ ಕೈ ಹಿಡಿದು ಕೂತರು. ಕಾರಣ ಹೇಳುವಂತಿಲ್ಲವಲ್ಲ, ಸುಮ್ಮನಿದ್ದೆ. ನಾನು ಬಾಯಿ ಮುಚ್ಚಿದಷ್ಟೂ ಮಾಮಿಯ ಕಣ್ಣಲ್ಲಿ ನೀರು. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳು ಇಳಿದವು, ಬೀದಿಯ ಹೆಂಗಸರು ಬಂದು ಕೂತು ಕಣ್ಣೊರೆಸಿಕೊಂಡರು. ಮಾಮಿಯ ಗಂಡ ಒಳಗೆ ಬಂದು ಮೆಲ್ಲಗೆ ಕೇಳಿದರು: "ಬಾಡಿ ಎಪ್ಪೋ ವರುಂ?"

ಹೆಣ ಯಾವಾಗ ಬರುತ್ತದೆ ಎಂದು!

ಹಾಗಾದರೆ ನಮ್ಮ ಮನೆಯವರು ಹೋಗಿಯೇಬಿಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಜೊತೆಗಿರುವ ಮಗ ಇವರಿಗೆಲ್ಲ ತಿಳಿಸಿ, ನನ್ನಿಂದ ಮಾತ್ರ ಮುಚ್ಚಿಟ್ಟಿದ್ದಾನೆ. ಇಲ್ಲದಿದ್ದರೆ ಇಷ್ಟು ಜನ ಸುಮ್ಮನೆ ಅಳುತ್ತಾರೆಯೇ? ಮನೆಯವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಗನಿಗೆ ಮಾಡಿದೆ. ಸ್ವಿಚ್ ಆಫ್. ರಂಗೋಲಿ ಹಾಕದವಳು ನಾನೇ ಎಂಬುದು ಆಟೋ ಹತ್ತುವ ಹೊತ್ತಿಗೆ ಪೂರ್ತಿ ಮರೆತುಹೋಗಿತ್ತು. ನುಂಗಂಬಾಕ್ಕಂನ ಸಿಗ್ನಲ್‌ಗಳೆಲ್ಲ ಕೆಂಪು. ಬೇಗ ಹೋಗಿ ಮಾಡುವುದಾದರೂ ಏನು ಎಂದುಕೊಂಡೆ.

ಅವರು ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಾ, ಚಟ್ನಿ ನೀರಾಗಿದೆ ಎಂದು ನರ್ಸಿಗೆ ದೂರು ಹೇಳುತ್ತಿದ್ದರು. ಫೋನು ದಿಂಬಿನ ಕೆಳಗಿತ್ತು. ನಾನು ಬಾಗಿಲಲ್ಲೇ ಗೊಳೋ ಎಂದು ಅತ್ತುಬಿಟ್ಟೆ.

"ಏನೇ ಇದು? ಯಾರು ಹೋದ್ರು?"

"ನೀವು," ಎಂದೆ.

ಸಂಜೆ ಚಿತ್ರಾ ಪೆನ್ನು ಹಿಡಿದು ಬಂದಳು. ರಿಯಾಕ್ಷನ್ ಏನಾದರೂ ಬಂತೇ ಎಂದು ಕೇಳಿದಳು.

"ಹೊರಗೆ ಕುರ್ಚಿ ಹಾಕಿದಾರೆ, ಎಣಿಸ್ಕೋ ಹೋಗು."

ಮರುದಿನ ಬೆಳಿಗ್ಗೆ ಎದ್ದವಳೇ ನೀರು ಚಿಮುಕಿಸಿ, ಬಾಗಿಲ ತುಂಬ ರಂಗೋಲಿ ಹಾಕಿ ತಲೆಯೆತ್ತಿದೆ. ಎದುರುಮನೆಯ ಹೊಸಿಲು ಬರಿದಾಗಿತ್ತು. ಹಿಂದೆಮುಂದೆ ನೋಡದೆ ಓಡಿ, ಬಾಗಿಲು ತಟ್ಟಿ, ಆಕಳಿಸುತ್ತಾ ಬಂದ ಕಮಲಾ ಮಾಮಿಯನ್ನು ತಬ್ಬಿಕೊಂಡು ಅತ್ತೆ. ಕುರ್ಚಿ ಎತ್ತಿ ಸೊಂಟ ಹಿಡಿದದ್ದರಿಂದ ಏಳುವುದು ತಡವಾಯಿತು ಎಂದು ಅವರು ಹೇಳುತ್ತಲೇ ಇದ್ದರು. ನಾನು ಕೇಳಲಿಲ್ಲ. ಅಷ್ಟರಲ್ಲಿ ಮಾಮಿಯ ಗಂಡ ಹಲ್ಲುಜ್ಜುತ್ತಾ ಒಳಗಿನಿಂದ ಬಂದರು. ಅವರನ್ನು ನೋಡಿ ಚೀರಿದವಳು ನಾನೇ.