ಕುಂಬಳಕಾಯಿಗೆ ವೈನ್ ಜೋಡಿಸಿದ ನಮ್ಮಣ್ಣ

ವೈನಿನ ವಿಷಯದಲ್ಲಿ ನಮ್ಮಣ್ಣನಂಥ ಪಂಡಿತ ಇಡೀ ಬನಶಂಕರಿಯಲ್ಲಿ ಇನ್ನೊಬ್ಬನಿಲ್ಲ. ಜನ್ಮದಲ್ಲಿ ಒಂದು ಹನಿ ಕುಡಿದವನಲ್ಲ, ಅದು ಬೇರೆ ಮಾತು! ಮೊಬೈಲಿಗೆ ಇನ್‌ಕಮಿಂಗ್ ಫ್ರೀ ಆದ ಹೊಸತರಲ್ಲಿ ರಿಟೈರ್ ಆದ. ಯಾವ ಅಡುಗೆಗೆ ಯಾವ ವೈನ್ ಎಂದು ಯಾವುದೋ ಪೇಪರಿನಲ್ಲಿ ಓದಿದನಂತೆ. ಅಂದಿನಿಂದ ನನ್ನ ಪ್ರಾಣ ಹಿಂಡತೊಡಗಿದ.

ಜಯನಗರದ ನಮ್ಮ ಮನೆಯಲ್ಲಿ ನಾನು, ನಮ್ಮತ್ತೆ ಇಬ್ಬರೇ. ಇಡೀ ಕುಂಬಳಕ್ಕೆ ಮೊದಲು ಗಂಡಸೇ ಚಾಕು ಹಾಕಬೇಕೆಂಬುದು ಅತ್ತೆಯವರ ಶಾಸ್ತ್ರ. ನಮ್ಮೆಜಮಾನರು ತೀರಿಕೊಂಡ ಮೇಲೆ ನನಗೆ ಪ್ರಾಣವಾಗಿದ್ದ ಕುಂಬಳದ ಹುಳಿಯೂ ನಿಂತುಹೋಗಿತ್ತು.

ಅಂಥ ಮನೆಗೆ ಪ್ರತಿ ಶನಿವಾರ ಇವನು ಹಾಜರು! ಒಂದು ಕೈಯಲ್ಲಿ ಬಟರ್‌ನಟ್ ಎಂಬ ಉದ್ದ ಕತ್ತಿನ ಸೀಮೆ ಸಿಹಿಕುಂಬಳ, ಇನ್ನೊಂದರಲ್ಲಿ ಪೇಪರು ಸುತ್ತಿದ ಬಾಟ್ಲಿ. ದೇವರಮನೆ ಎದುರಿಗೇ ಬಾಟ್ಲಿ! ಅತ್ತೆಯವರಿಗೆ ದ್ರಾಕ್ಷಿ ರಸ ಎಂದು ಸುಳ್ಳು ಹೇಳಬೇಕಾದವಳು ನಾನು.

"ಚಾಕು ಇತ್ಲಾಗೆ ಕೊಡು. ವೈನಿಗೆ ಹೊಂದೋ ಹಾಗೆ ಹೆಚ್ಚೋಕೆ ನಿಂಗೆ ಬರಲ್ಲ."

ಮೂವತ್ತು ವರ್ಷ ಸೌಟು ಹಿಡಿದವಳಿಗೆ ಹೇಳುವ ಮಾತೇ ಇದು? ಅಷ್ಟು ಹೇಳಿದವನು ಎರಡೇ ಹೋಳು ಮಾಡಿ, "ಮಿಕ್ಕಿದ್ದು ನೀನೇ ಹೆಚ್ಕೋ" ಎಂದು ಸೋಫಾದಲ್ಲಿ ಕಾಲು ಚಾಚುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಊಟಕ್ಕೆ ಕೂತರೆ ಇನ್ನೊಂದು ವರಾತ.

"ಹುಳಿಗೆ ಬಿಳಿ ವೈನೇ ಸರಿ. ಆದ್ರೆ ಇಂಗು ಜಾಸ್ತಿ ಆಯ್ತು ಕಣೇ, ವೈನ್ ಮುನಿಸ್ಕೊಳ್ಳತ್ತೆ."

"ಮುನಿಸ್ಕೊಳ್ಲಿ! ಬಾಟ್ಲಿ ಮುಚ್ಚಳಾನೇ ತೆಗ್ದಿಲ್ಲ, ನಿಂಗೆ ಹೇಗೆ ಗೊತ್ತಾಯ್ತು?"

"ಅಂದಾಜು ಅಂತ ಒಂದಿರತ್ತೆ."

ಗೊಜ್ಜಿಗೆ ಕೆಂಪು ವೈನಂತೆ, ಪಲ್ಯಕ್ಕೆ ತೆಂಗಿನತುರಿ ಬಿದ್ದರೆ ಎರಡೂ ಕೆಟ್ಟವಂತೆ! ಇಷ್ಟೆಲ್ಲ ಹೇಳಿ, ನಾನು ಕಷ್ಟಪಟ್ಟು ಬೇಯಿಸಿದ ಹೋಳುಗಳನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳಿ, ಬಾಟ್ಲಿಯನ್ನು ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದ. ಇಂಥ ಅವಮಾನ ಯಾರು ಸಹಿಸುತ್ತಾರೆ?

ಒಂದು ಶನಿವಾರ ತಡೆಯಲಾರದೆ ಆ ಪೇಪರನ್ನು ಹರಿದೇಬಿಟ್ಟೆ. ಒಳಗಿದ್ದ ಬಾಟ್ಲಿಯ ಲೇಬಲ್ಲು ಸವೆದು ಅಕ್ಷರವೇ ಉಳಿದಿರಲಿಲ್ಲ.

"ಎರಡು ವರ್ಷದಿಂದ ಒಂದೇ ಬಾಟ್ಲಿನಾ ಅಣ್ಣಾ? ಇದನ್ನಿಟ್ಕೊಂಡು ನನ್ನ ಅಡುಗೇಲಿ ಕೊಂಕು ತೆಗೀತೀಯಾ? ಕುಂಬಳಕಾಯಿ ಅಷ್ಟು ಇಷ್ಟ ಇದ್ರೆ ಅತ್ತಿಗೆ ಮಾಡಿಕೊಡಲ್ವಾ?"

ಅಣ್ಣ ಚಾಕು ಒರೆಸುತ್ತಾ ತಲೆ ತಗ್ಗಿಸಿದ.

"ನಂಗೆಲ್ಲಿ ಸೇರತ್ತೇ ಕುಂಬಳಕಾಯಿ? ಇಷ್ಟ ಇರೋದು ನಿಂಗಲ್ವಾ?"

ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ನನಗೆ ಅಳು ಬಂತು. ಹರಿದ ಪೇಪರನ್ನು ಎತ್ತಿಕೊಂಡು ಬಾಟ್ಲಿಗೆ ಮತ್ತೆ ನಾನೇ ಸುತ್ತಿದೆ.

"ಮುಂದಿನ ಶನಿವಾರ ಗೊಜ್ಜು ಮಾಡ್ತೀನಿ. ಇದನ್ನ ತರೋದು ಮರೀಬೇಡ" ಎಂದೆ.