ಪಡಸಾಲಿ ಟಿವಿ, ಹಾಲ್ ಟಿವಿ

ಮಂಜುಳಾ: ಆ ರಿಮೋಟ್ ಎಷ್ಟು ಸಲ ಅಂಗೈಗೆ ಬಡೀತೀರಿ? ಅದೇನ್ ಮಾಡ್ಯದ ನಿಮಗ?

ಬೂದೆಪ್ಪ: ಬಡಿಯಾಕತ್ತಿಲ್ಲ. ಒಳಗಿನ ಸೆಲ್ ಎಬ್ಬಸಾಕತ್ತೀನಿ.

ಮಂಜುಳಾ: ಸೆಲ್ ಆಗಳೇ ಎದ್ದು ಚಾ ಕುಡ್ದು ಕುಂತಾವ. ನಿಮಗೇ ಇನ್ನಾ ಎಚ್ಚರಾಗಿಲ್ಲ. ಹನ್ನೊಂದಕ್ಕ ಹತ್ತೇ ನಿಮಿಷ ಉಳ್ದಾವ ನೋಡ್ರಿ.

ದೇವದುರ್ಗದ ಆ ಮನೆಯ ಪಡಸಾಲೆಯಲ್ಲಿ ಬೂದೆಪ್ಪನಿಗೆ ಬೆವರು ಇಳಿಯುತ್ತಿತ್ತು. ಬಿಸಿಲಿಗಂತೂ ಅಲ್ಲ, ಮೂವತ್ತು ವರ್ಷ ಲೈನ್‌ಮನ್ ಆಗಿ ಉರಿಬಿಸಿಲಲ್ಲಿ ಕಂಬ ಹತ್ತಿದ ಆಸಾಮಿ ಅವನು. ಅವನ ಬೆವರಿಳಿಸುತ್ತಿದ್ದವಳು ಟಿವಿಯ ಎದುರು ಕುರ್ಚಿ ಹಾಕಿಸಿಕೊಂಡು, ಕಪ್ಪು ಕನ್ನಡಕ ಏರಿಸಿಕೊಂಡು ಕೂತಿದ್ದ ತಾಯಿ ಆದೆಮ್ಮ. ಮಾನ್ವಿಯಲ್ಲಿರುವ ಬೂದೆಪ್ಪನ ತಂಗಿಯ ಮನೆಯಲ್ಲಿ ಇವತ್ತು ಹೆಸರಿಡುವ ಕಾರ್ಯ. ತಂಗಿಯ ಮಗಳು ರಾಧಾಳ ಹೆಣ್ಣುಕೂಸಿಗೆ. ಆದೆಮ್ಮನ ಕಣ್ಣಿನ ಆಪರೇಷನ್ ಆಗಿ ಐದೇ ದಿನ. ಧೂಳಿನಲ್ಲಿ ಬಸ್ಸು ಹತ್ತಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮುದುಕಿ ಎರಡು ಹೊತ್ತು ಊಟ ಬಿಟ್ಟು ಮುನಿಸಿಕೊಂಡಾಗ ಬೂದೆಪ್ಪನೇ ಎದೆ ತಟ್ಟಿಕೊಂಡು ಮಾತು ಕೊಟ್ಟಿದ್ದ: ಫೋನಿನಲ್ಲಿ ಬರುವ ಕೂಸಿನ ಮುಖವನ್ನು ಟಿವಿಯಷ್ಟು ದೊಡ್ಡದು ಮಾಡಿ ತೋರಿಸುತ್ತೇನೆ, ಹೆಸರು ಕರೆಯುವುದನ್ನೂ ಕೇಳಿಸುತ್ತೇನೆ ಎಂದು. ಬರೀ ಫೋನು ಹಿಡಿದರೆ ಆಕೆಗೆ ಕೂಸು ಯಾವುದು, ತಲೆದಿಂಬು ಯಾವುದು ಎಂದೇ ತಿಳಿಯುತ್ತಿರಲಿಲ್ಲ.

ಆದೆಮ್ಮ: ಯಪ್ಪಾ ಬೂದೆಪ್ಪ, ವೈರು ಎಲ್ಲಿ ಹಚ್ಚಿದಿ?

ಬೂದೆಪ್ಪ: ಇದಕ್ಕ ವೈರ್ ಇಲ್ಲ ಯವ್ವಾ. ಗಾಳ್ಯಾಗ ಬರತದ.

ಆದೆಮ್ಮ: ಗಾಳ್ಯಾಗ? ಮಂಜುಳಾ, ಮೊದ್ಲು ಆ ಫ್ಯಾನ್ ಬಂದ್ ಮಾಡವ್ವಾ. ಹಸಿಗೂಸು ಅದು!

ಮಂಜುಳಾ ನಗು ತಡೆದುಕೊಂಡು ಫ್ಯಾನು ನಿಲ್ಲಿಸಿದಳು.

ಮಂಜುಳಾ: ಜೀವಮಾನ ಪೂರ್ತಿ ವೈರ್ ಹಿಡದಾರಲ್ಲ ಯವ್ವಾ. ವೈರ್ ಇಲ್ಲದ್ದು ಕೈಗೆ ಹತ್ತವಲ್ದು.

ಬೂದೆಪ್ಪ: ಫ್ಯಾನ್ ಜೋಡಿ ಬಾಯಿನೂ ಬಂದ್ ಮಾಡಂತ ಹೇಳು ಯವ್ವಾ ಅಕಿಗಿ. ಹಾಂ, ಸಿಕ್ತು! ಸ್ಕ್ರೀನ್ ಮಿರರಿಂಗ್!

ಆದೆಮ್ಮ: ಏನಂತದು?

ಮಂಜುಳಾ: ಮಿರರ್ ಅಂದ್ರ ಕನ್ನಡಿ ಯವ್ವಾ.

ಆದೆಮ್ಮ: ನನ್ನ ಮಾರಿ ನನಗ ಯಾಕ ತೋರಸ್ತಾನ? ಎಂಬತ್ತು ವರ್ಷ ನೋಡಿ ಸಾಕಾಗ್ಯದ. ಕೂಸಿನ ಮಾರಿ ತೋರ್ಸಂತ ಹೇಳು.

ಬೂದೆಪ್ಪ: ಕೂಸಿಂದೇ ಯವ್ವಾ! ಫೋನ್ಯಾಗ ಕಂಡದ್ದು ಟಿವ್ಯಾಗ ಕಾಣತದ. ನೋಡು, ಇಲ್ಲಿ ಬಂತು, ‘ಹಾಲ್ ಟಿವಿ’.

ಮಂಜುಳಾ: ಯಾವ ಹಾಲು?

ಬೂದೆಪ್ಪ: ಕುಡಿಯೋ ಹಾಲಲ್ಲ ಬೇ. ಮಂದಿ ಕೂಡೋ ಹಾಲು.

ಮಂಜುಳಾ: ನಮ್ಮನ್ಯಾಗ ಹಾಲ್ ಎಲ್ಲಿ ಅದರೀ? ಇದು ಪಡಸಾಲಿ.

ಬೂದೆಪ್ಪ: ಟಿವಿ ಮಾಡಿದವರಿಗೆ ಪಡಸಾಲಿ ಅಂದ್ರ ಏನ್ ತಿಳೀತದ? ಅವರು ಹಾಲ್ ಅಂತಾರ.

ಮಂಜುಳಾ: ಟಿವಿ ಈ ಪಡಸಾಲ್ಯಾಗ ಬಂದು ಕುಂತು ಆರು ವರ್ಷಾತು. ಇಷ್ಟೊತ್ತಿಗೆ ಕಲೀಬೇಕಿತ್ತು.

ಬೂದೆಪ್ಪ ಆ ಮಾತಿಗೆ ಕಿವಿ ಕೊಡದೆ ‘ಹಾಲ್ ಟಿವಿ’ ಮೇಲೆ ಬೆರಳು ಒತ್ತಿದ. ಫೋನಿನ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ಇನ್ನೂ ತಿರುಗಿತು. ಕೊನೆಗೆ ‘ಕನೆಕ್ಟೆಡ್’ ಎಂದು ಬಂತು.

ಬೂದೆಪ್ಪ: ಕೂಡ್ತು! ಯವ್ವಾ, ಕೂಡ್ತು!

ಆದೆಮ್ಮ: ಬರೇ ನೀಲಿ ಕಾಣಾಕತ್ತದಲ್ಲೋ. ನನ್ನ ಕಣ್ಣು ಮತ್ತ ಹೋದ್ವೇನು?

ಮಂಜುಳಾ: ನಿಮ್ಮ ಕಣ್ಣು ಚಲೋ ಅದಾವ ಯವ್ವಾ. ಟಿವಿನೇ ನೀಲಿ ಅದ.

ಅಷ್ಟರಲ್ಲಿ ಮಾನ್ವಿಯಿಂದ ವಿಡಿಯೋ ಕಾಲ್ ಬಂದೇ ಬಂತು. ಬೂದೆಪ್ಪ ಎತ್ತಿದ. ಅಂಗೈಯಗಲದ ಫೋನಿನಲ್ಲಿ ಹೆಂಗಸರು, ತೊಟ್ಟಿಲು, ಹೂವು, ಗದ್ದಲ ಎಲ್ಲಾ ಕಂಡವು. ಎಲ್ಲರ ಬಾಯಿ ಆಡುತ್ತಿತ್ತು, ದನಿ ಮಾತ್ರ ಒಂದಿಷ್ಟೂ ಇರಲಿಲ್ಲ.

ಬೂದೆಪ್ಪ: ಹಲೋ! ಹಲೋ! ರಾಧಾ! ದನಿ ಬರವಲ್ದು!

ಮಂಜುಳಾ: ಟಿವಿಗೆ ಚಿತ್ರ ಹೋಗಿಲ್ಲ, ಫೋನ್ಯಾಗ ದನಿ ಉಳ್ದಿಲ್ಲ. ಎಲ್ಲಿಗಿ ಹೋತ್ರಿ ಅದು?

ಬೂದೆಪ್ಪ: ದಾರ್ಯಾಗ ಅದ. ಬರತದ ತಡಿ.

ಮಂಜುಳಾ: ಮಾನ್ವಿಯಿಂದ ದೇವದುರ್ಗ ತನಕ ಬಂದದ್ದಕ್ಕ ನಿಮ್ಮ ಕೈಯಿಂದ ಆ ಗೋಡಿ ತನಕ ಹೋಗಾಕ ದಾರಿ ತಪ್ಪತದೇನ್ರಿ?

ಆದೆಮ್ಮ ಕನ್ನಡಕ ಸರಿಮಾಡಿಕೊಂಡು ಆ ನೀಲಿ ಪರದೆಯನ್ನೇ ನೋಡಿದಳು. ಬೈದಿದ್ದರೆ ಬೂದೆಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಫೋನು ಹಿಡಿದೇ ತಾಯಿಯ ಕುರ್ಚಿಯ ಹತ್ತಿರ ಬಂದು ಬಗ್ಗಿದ.

ಬೂದೆಪ್ಪ: ಯವ್ವಾ, ಅಳಬ್ಯಾಡ. ಕಣ್ಣಿಗಿ ನೀರು ಹತ್ತಬಾರ್ದು.

ಆದೆಮ್ಮ: ಅಳಾಕತ್ತಿಲ್ಲಪ್ಪಾ. ನೀ ತೋರಸ್ತೀನಿ ಅಂದಿಯಲ್ಲ, ಕುಂತೀನಿ.

ಆಗ ಬಾಗಿಲು ದೂಡಿಕೊಂಡು ಬಂದವಳು ಪಕ್ಕದ ಮನೆಯ ಮಹಬೂಬೀ. ಎರಡು ಮನೆಗೂ ನಡುವೆ ಒಂದೇ ಗೋಡೆ. ಆಕೆಯ ಕೈಯಲ್ಲಿ ಟಿವಿ ರಿಮೋಟು ಹಾಗೇ ಇತ್ತು.

ಮಹಬೂಬೀ: ಅರೆ ಬೂದೆಪ್ಪಣ್ಣ, ನೀವಿಲ್ಲಿ ಕುಂತೀರಿ, ಅಲ್ಲಿ ನಿಮ್ಮ ಬಳಗ ಪೂರಾ ನಮ್ಮನಿಗಿ ಬಂದದ!

ಮಂಜುಳಾ: ಯಾವ ಬಳಗ ಬೇ? ಎಲ್ಲಾರೂ ಮಾನ್ವ್ಯಾಗ ಅದಾರ.

ಮಹಬೂಬೀ: ನಮ್ಮ ಟಿವಿ ಮ್ಯಾಲೆ! ನಾ ಸೀರಿಯಲ್ ನೋಡಾಕತ್ತಿದ್ದೆ. ನಡುವ ‘ಬೂದೆಪ್ಪ’ ಅಂತ ಹೆಸರು ಬಂತು, ಒಳಗ ಬಿಡ್ಲೇನು ಅಂತ ಕೇಳ್ತು. ಬಾಜೂ ಮನಿ ಮನುಷ್ಯ ಬಾಗಿಲದಾಗ ನಿಂತ್ರ ಬ್ಯಾಡ ಅಂತಾರೇನ್ರೀ? ಓಕೆ ಒತ್ತಿಬಿಟ್ಟೆ.

ಬೂದೆಪ್ಪ: ಅಂದ್ರ, ಈ ಹಾಲ್ ಟಿವಿ...

ಮಹಬೂಬೀ: ನಮ್ಮದೇರಿ. ನಮ್ಮ ಮಗಳು ನೌಶೀನ್ ಇಟ್ಟ ಹೆಸರು. ಜಲ್ದಿ ಬರ್ರಿ, ಕೂಸು ತೊಟ್ಟಿಲಿಗೆ ಹಾಕಾಕತ್ತಾರ!

ಬೂದೆಪ್ಪ: ಒಂದ್ ನಿಮಿಷ ತಡೀರಿ. ಅಲ್ಲಿಂದ ಬಿಡಿಸಿ ನಮ್ಮ ಟಿವಿಗೆ...

ಆದೆಮ್ಮ: ಮುಟ್ಟಿಗಿಟ್ಟೀ! ಕೈ ತೆಗಿ ಅದ್ರ ಮ್ಯಾಗಿಂದ!

ಎಂಬತ್ತರ ಮುದುಕಿ ಯಾರ ಕೈಯನ್ನೂ ಹಿಡಿಯದೆ ಎದ್ದು ಹೊಸ್ತಿಲು ದಾಟಿದಳು. ಹಿಂದೆ ಮಂಜುಳಾ, ಅವಳ ಹಿಂದೆ ಫೋನನ್ನು ತುಂಬಿದ ಕೊಡದಂತೆ ಎರಡೂ ಕೈಯಲ್ಲಿ ಹಿಡಿದ ಬೂದೆಪ್ಪ. ಮಹಬೂಬೀಯ ಟಿವಿಯ ತುಂಬ ಕೂಸಿನ ಮುಖವೊಂದೇ ಇತ್ತು. ಆದೆಮ್ಮ ಸೋಫಾದ ತುದಿಗೆ ಕೂತು ಮುಂದೆ ಬಾಗಿದಳು.

ಆದೆಮ್ಮ: ಹಣಿ ನೋಡು, ನನ್ನ ಮಗಳದು. ಆಹಾ, ಆಕಳಿಸಾಕತ್ತಾಳ! ಎಲ್ಲಾ ಕಾಣತದಲ್ಲೇ ಮಂಜುಳಾ, ಎಲ್ಲಾ ಕಾಣತದ!

ಪರದೆಯ ಮೇಲೆ ಕೂಸಿನ ಸೋದರತ್ತೆ ಬಾಗಿ, ಪುಟ್ಟ ಕಿವಿಗೆ ಬಾಯಿ ಹಚ್ಚಿ ‘ಕುರ್ರ್’ ಎಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೆಸರು ಕರೆದಳು: ‘ಆದ್ಯಾ!’ ಕರೆದದ್ದೇ ತಡ, ಸುತ್ತಲಿನ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಧಪಧಪ ಗುದ್ದಿದರು. ಇಲ್ಲಿ ಮಂಜುಳಾ ಗಂಡನ ಬೆನ್ನಿಗೆ ಒಂದು ಬಿಗಿದಳು.

ಬೂದೆಪ್ಪ: ನನಗ್ಯಾಕ ಬೇ?

ಮಂಜುಳಾ: ಕೂಸಿನ ಅತ್ತಿ ಬೆನ್ನು ಮಾನ್ವ್ಯಾಗ ಅದ. ಕೈಗೆ ಸಿಕ್ಕದ್ದು ಇದು.

ಟಿವಿಯಲ್ಲಿ ರಾಧಾ ಮುಂದೆ ಬಂದಳು.

ರಾಧಾ: ಅಜ್ಜಿ, ಕೇಳಿಸ್ತೇನು? ನಿನ್ನ ಹೆಸರೇ ಇಟ್ಟೀವಿ!

ಆದೆಮ್ಮನಿಗೆ ಹಿಗ್ಗು ತಡೆಯಲಾಗಲಿಲ್ಲ. ಹಾಗಂತ ಒಮ್ಮೆಲೇ ಒಪ್ಪಿಕೊಳ್ಳುವವಳೂ ಅಲ್ಲ.

ಆದೆಮ್ಮ: ನನ್ನ ಹೆಸರು ಆದೆಮ್ಮ. ಇವರು ಆದ್ಯಾ ಅಂತ ಅರ್ಧಕ್ಕ ನಿಲ್ಲಿಸ್ಯಾರ. ಅಮ್ಮ ಎಲ್ಲಿ ಹೋತು?

ಮಂಜುಳಾ: ಇನ್ನಾ ಕೂಸು ಯವ್ವಾ ಅಕಿ. ಬೆಳದು ದೊಡ್ಡಾಕಿ ಆಗಿ, ಒಂದು ಹಡದ ಮ್ಯಾಲೆ ಅಮ್ಮ ತಾನೇ ಬಂದು ಕೂಡತದ.

ಆದೆಮ್ಮ: ಬರ್ಲಿ, ಬರ್ಲಿ, ಅವಸರಿಲ್ಲ. ಅಷ್ಟೊತ್ತಿಗಿ ನನ್ನ ಮಗನೂ ನಮ್ಮ ಟಿವಿ ಯಾವುದು ಅಂತ ಗುರ್ತು ಹಿಡಿದಿರ್ತಾನ.